ಆರೋಗ್ಯ ವಿಚಾರ: ಕೂಗಿಗೆ ಓಡಿಬರುವ ಕಣಗಳು



ಈ ತಿಂಗಳು ನಮ್ಮ ಕೈಸೇರಿದ ಪತ್ರಗಳಲ್ಲಿ ಒಂದು ನಮ್ಮ ಮನಸ್ಸನ್ನು ಬಹುವಾಗಿ ಸೆಳೆಯಿತು. ಬರೆದವರು ಒಬ್ಬ ಗೃಹಿಣಿ. ಅವರ ಹದಿನಾಲ್ಕು ವರ್ಷದ ಮಗನಿಗೆ ಎಳವೆಯಿಂದಲೂ ಉಬ್ಬಸ. ಹಬ್ಬದ ಮುನ್ನಾ ದಿನ ಮಧ್ಯಾಹ್ನ ಆ ಹುಡುಗನು ತಾಯಿಗೆ ನೆರವಾಗಲೆಂದು ಅಟ್ಟವನ್ನೇರಿ ಹಳೆಯ ಹಾಸಿಗೆಗಳನ್ನು ಇಳಿಸಿ ಕೊಡವಿದನಂತೆ. ಹತ್ತೇ ನಿಮಿಷದಲ್ಲಿ ಸೀನು, ಕೆಮ್ಮು, ಎದೆಯಲ್ಲಿ ಸುಯ್ಯೆಂಬ ಸದ್ದು. ಉಬ್ಬಸ ಬಂದಾಗ ಸೇದುವ ಪಂಪನ್ನು ಎರಡು ಸಲ ಎಳೆದುಕೊಂಡ ಮೇಲೆ ಉಸಿರು ಸರಾಗವಾಯಿತು. ಊಟ ಮಾಡಿದನು, ಸಂಜೆ ಓರಗೆಯ ಹುಡುಗರೊಡನೆ ಚೆಂಡಾಡಿದನು. ಆದರೆ ರಾತ್ರಿ ಎಂಟು ಗಂಟೆಗೆ, ಶುಚಿಯಾದ ಕೋಣೆಯಲ್ಲಿ ಸುಮ್ಮನೆ ಕುಳಿತಿರುವಾಗ, ಉಬ್ಬಸವು ಮರಳಿ ಬಂದಿತು. ಈ ಸಲ ಮೊದಲಿಗಿಂತ ಬಲವಾಗಿ ಹಿಡಿಯಿತು. ಪಂಪಿಗೂ ಸರಿಯಾಗಿ ಬಗ್ಗಲಿಲ್ಲ. ಹಬ್ಬದ ಬೆಳಗನ್ನು ತಾಯಿಮಕ್ಕಳಿಬ್ಬರೂ ಆಸ್ಪತ್ರೆಯಲ್ಲಿ ಕಂಡರು.

“ಧೂಳು ಎದ್ದದ್ದು ಮಧ್ಯಾಹ್ನ, ಉಬ್ಬಸ ಕೆರಳಿದ್ದು ರಾತ್ರಿ. ನಡುವಿನ ಹೊತ್ತೆಲ್ಲ ರೋಗವು ಎಲ್ಲಿ ಅಡಗಿತ್ತು?” ಎಂಬುದು ಆ ತಾಯಿಯ ಪ್ರಶ್ನೆ. ಪತ್ರದ ಕೊನೆಯಲ್ಲಿ ಅವರು ಇನ್ನೊಂದು ಸಾಲನ್ನೂ ಬರೆದಿದ್ದಾರೆ. ದಿನವೂ ಬೆಳಿಗ್ಗೆ ಸಂಜೆ ಸೇದುವುದಕ್ಕೆಂದು ವೈದ್ಯರು ಬೇರೊಂದು ಪಂಪನ್ನು ಕೊಟ್ಟಿದ್ದರಂತೆ, ಮೂರು ತಿಂಗಳಿಂದ ಹುಡುಗನು ಚೆನ್ನಾಗಿಯೇ ಇದ್ದನಾದುದರಿಂದ, “ರೋಗವಿಲ್ಲದವನಿಗೆ ಔಷಧವೇಕೆ?” ಎಂದು ಮನೆಯ ಹಿರಿಯರು ಹೇಳಲು ಅದನ್ನು ನಿಲ್ಲಿಸಿದರಂತೆ. ಇದನ್ನು ಅವರು ಪ್ರಶ್ನೆಯಾಗಿ ಕೇಳಿಲ್ಲ. ಆದರೆ ಮೊದಲನೆಯ ಪ್ರಶ್ನೆಗೆ ಉತ್ತರವು ದೊರೆತರೆ, ಈ ಸಾಲಿಗೂ ಉತ್ತರವು ತಾನಾಗಿಯೇ ದೊರೆಯುವುದು. ಉಬ್ಬಸವುಳ್ಳವರು ಇರುವ ಮನೆಗಳು ಬಹಳವಾದುದರಿಂದ ಈ ವಿಷಯವನ್ನು ಎಲ್ಲರ ಮುಂದೆಯೂ ಇಡಲು ಬಯಸುತ್ತೇವೆ.

ಮೊದಲು ಮಧ್ಯಾಹ್ನದ ಸಂಗತಿಯನ್ನು ನೋಡೋಣ. ಹಳೆಯ ಹಾಸಿಗೆಯ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ವಾಸಿಸುತ್ತವೆ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅವುಗಳ ಆಹಾರ. ಮನೆಯ ಧೂಳಿನ ಅಲರ್ಜಿಗೆ ಈ ನುಸಿಯೇ ಮುಖ್ಯ ಕಾರಣವೆಂಬುದನ್ನು 1964ರಲ್ಲಿ ಹಾಲೆಂಡಿನ ಲೈಡನ್ ನಗರದ ಫೋರ್‌ಹಾರ್ಸ್ಟ್ ಮತ್ತು ಅವರ ಸಂಗಡಿಗರು ತೋರಿಸಿದರು. ನುಸಿಯ ಹಿಕ್ಕೆಯ ಪುಡಿಯು ಉಸಿರಿನೊಡನೆ ಒಳಹೊಕ್ಕರೆ ಹೆಚ್ಚಿನ ಜನರಿಗೆ ಏನೂ ಆಗದು. ಕೆಲವರ ದೇಹವು ಮಾತ್ರ ಅದನ್ನು ಹಗೆಯೆಂದು ಬಗೆದು, ಅದನ್ನು ಗುರುತಿಸುವ ಒಂದು ವಿಶೇಷ ಪ್ರತಿಕಾಯವನ್ನು ಮುಂಚಿತವಾಗಿಯೇ ಸಿದ್ಧಮಾಡಿ ಇಟ್ಟುಕೊಂಡಿರುತ್ತದೆ.

ಇಂಥ ಒಂದು ಪದಾರ್ಥವು ರಕ್ತದಲ್ಲಿರುವುದೆಂದು ತೋರಿಸಿಕೊಟ್ಟ ಪ್ರಯೋಗವು ಸ್ವಾರಸ್ಯವಾದುದು. 1921ರಲ್ಲಿ ಕ್ಯುಸ್ಟ್ನರ್ ಎಂಬ ಜರ್ಮನ್ ವೈದ್ಯರಿಗೆ ಮೀನು ಒಗ್ಗುತ್ತಿರಲಿಲ್ಲ. ಅವರ ರಕ್ತದ ತಿಳಿಯನ್ನು ಪ್ರೌಸ್ನಿಟ್ಸ್ ಎಂಬ ಅವರ ಸಹೋದ್ಯೋಗಿಯು ತಮ್ಮ ಚರ್ಮದೊಳಕ್ಕೆ ಚುಚ್ಚಿಸಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿದಾಗ, ಎಂದೂ ಮೀನಿನಿಂದ ತೊಂದರೆಪಡದ ಪ್ರೌಸ್ನಿಟ್ಸರ ಚರ್ಮದಲ್ಲಿ ದದ್ದು ಎದ್ದಿತು! ರಕ್ತದಲ್ಲಿದ್ದ ಆ ಪದಾರ್ಥವು ಯಾವುದೆಂಬುದು ಬಹುಕಾಲ ತಿಳಿಯಲಿಲ್ಲ. 1966ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಕೆಲಸಮಾಡುತ್ತಿದ್ದ ಜಪಾನಿನ ಇಷಿಜಾಕ ದಂಪತಿಗಳು ಅದನ್ನು ಕಂಡುಹಿಡಿದರು. ಸ್ವೀಡನ್ನಿನ ವಿಜ್ಞಾನಿಗಳೂ ಸ್ವತಂತ್ರವಾಗಿ ಅದನ್ನೇ ಕಂಡರು. 1968ರಲ್ಲಿ ಅದಕ್ಕೆ ಐಜಿಇ ಎಂಬ ಹೆಸರಾಯಿತು.

ಈ ಐಜಿಇಯು ಶ್ವಾಸನಾಳದ ಗೋಡೆಯಲ್ಲಿರುವ ಮಾಸ್ಟ್ ಕೋಶಗಳ ಮೈಮೇಲೆ ಕುಳಿತು ಕಾದಿರುತ್ತದೆ. ನುಸಿಯ ಪುಡಿಯು ತಗುಲಿದೊಡನೆಯೇ ಆ ಕೋಶಗಳು ತಮ್ಮೊಳಗೆ ಕೂಡಿಟ್ಟ ಹಿಸ್ಟಮೀನ್ ಮೊದಲಾದ ದ್ರವ್ಯಗಳನ್ನು ಹೊರಚೆಲ್ಲುತ್ತವೆ. ಶ್ವಾಸನಾಳದ ಸ್ನಾಯುಗಳು ಬಿಗಿಯುತ್ತವೆ, ದಾರಿ ಕಿರಿದಾಗುತ್ತದೆ, ಉಸಿರು ಸುಯ್ಗುಟ್ಟುತ್ತದೆ. ಇದೆಲ್ಲವೂ ನಿಮಿಷಗಳ ಕೆಲಸ. ಆ ಬಾಲಕನು ಸೇದಿದ ಪಂಪು ಬಿಗಿದ ಸ್ನಾಯುವನ್ನು ಸಡಿಲಿಸಿತು, ಅವನಿಗೆ ಹಾಯೆನಿಸಿತು. ಹೊರಗಿನಿಂದ ನೋಡುವವರಿಗೆ ಕಥೆಯು ಇಲ್ಲಿಗೆ ಮುಗಿದಂತೆ ಕಂಡಿತು.

ಮುಗಿದಿರಲಿಲ್ಲ. ನಡುರಾತ್ರಿಯಲ್ಲಿ ಒಂದು ಮನೆಯವರು ಬೆಕ್ಕಿನ ಸದ್ದನ್ನು ಕೇಳಿ “ಕಳ್ಳ! ಕಳ್ಳ!” ಎಂದು ಕೂಗಿದರೆಂದು ಎಣಿಸೋಣ. ಬೆಕ್ಕು ಆಗಲೇ ಓಡಿಹೋಗಿರುತ್ತದೆ. ಆದರೆ ಕೂಗು ಊರೆಲ್ಲ ಹರಡುತ್ತದೆ. ದೂರದ ಬೀದಿಗಳವರು ದೊಣ್ಣೆ ದೀಪಗಳನ್ನು ಹಿಡಿದು ಬಂದು ಸೇರುವುದಕ್ಕೆ ಕೊಂಚ ಹೊತ್ತು ಹಿಡಿಯುತ್ತದೆ. ಬಂದವರು ಒಳಗೆ ನುಗ್ಗಿ ಕತ್ತಲೆಯಲ್ಲಿ ಮಡಕೆ ಕುಡಿಕೆಗಳನ್ನು ಒಡೆಯುತ್ತಾರೆ. ಅಂಗಳದ ಗಿಡಗಳನ್ನು ತುಳಿಯುತ್ತಾರೆ. ಕಳ್ಳನೇ ಇಲ್ಲದ ಮನೆಗೆ ನೆರವಿನಿಂದಲೇ ನಷ್ಟ! ಆ ಬಾಲಕನ ಶ್ವಾಸಕೋಶದಲ್ಲಿ ನಡೆದುದೂ ಇದೇ. ಮಾಸ್ಟ್ ಕೋಶಗಳೂ, ಶ್ವಾಸನಾಳದ ಒಳಪದರವೂ, ಟಿ ಕೋಶಗಳೆಂಬ ಮತ್ತೊಂದು ಬಗೆಯ ಬಿಳಿಯ ಕಣಗಳೂ ಸೇರಿ ರಾಸಾಯನಿಕ ದ್ರವ್ಯಗಳ ಮೂಲಕ ಕೂಗೆಬ್ಬಿಸಿದವು. ರಕ್ತದಲ್ಲಿ ತಮ್ಮ ಪಾಡಿಗೆ ಹರಿದುಹೋಗುತ್ತಿದ್ದ ಬಿಳಿಯ ಕಣಗಳು ಆ ಕೂಗನ್ನು ಕೇಳಿ ದಂಡುದಂಡಾಗಿ ಬಂದು ನೆರೆದವು. ಈ ಎರಡನೆಯ ಅಲೆಯು ಸಾಮಾನ್ಯವಾಗಿ ಮೂರು ನಾಲ್ಕು ಗಂಟೆಗಳ ಅನಂತರ ಏಳುತ್ತದೆ. ಆರೆಂಟು ಗಂಟೆಗಳ ಹೊತ್ತಿಗೆ ಉಕ್ಕುತ್ತದೆ. ಎಲ್ಲರಲ್ಲಿಯೂ ಅಲ್ಲವಾದರೂ ಅನೇಕರಲ್ಲಿ ಹೀಗಾಗುವುದುಂಟು.

ರಕ್ತವೆಂಬುದು ನಾಳದೊಳಗೆ ಹರಿಯುವ ವಸ್ತು. ಅದರ ಕಣವು ನಾಳದ ಗೋಡೆಯನ್ನು ದಾಟಿ ಹೊರಗೆ ಬರುವುದು ಹೇಗೆ ಎಂದು ವಾಚಕರು ಕೇಳಬಹುದು. ಹಿಂದಿನವರಿಗೂ ಇದು ನಂಬಲಾಗದ ಮಾತಾಗಿತ್ತು. 1867ರಲ್ಲಿ ಬರ್ಲಿನ್ನಿನ ಯೂಲಿಯುಸ್ ಕೋನ್‌ಹೈಮ್ ಎಂಬ ಪಂಡಿತರು ಕಪ್ಪೆಯ ಕರುಳನ್ನು ಹಿಡಿದಿರುವ ತೆಳುಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ ಗಂಟೆಗಟ್ಟಲೆ ನೋಡುತ್ತ ಕುಳಿತರು. ಪೊರೆಯು ಕೆರಳಿದಂತೆ, ಸಣ್ಣ ಸಿರೆಗಳಲ್ಲಿ ಬಿಳಿಯ ಕಣಗಳು ನಡುಹೊಳೆಯನ್ನು ಬಿಟ್ಟು ದಡಕ್ಕೆ ಸರಿದವು. ಗೋಡೆಗೆ ಅಂಟಿ ಸಾಲಾಗಿ ನಿಂತವು. ಬಳಿಕ ಗೋಡೆಯ ಹೊರಮೈಯಲ್ಲಿ ಸಣ್ಣ ಮೊಗ್ಗುಗಳಂತೆ ಏನೋ ಮೂಡಿತು. ಮೊಗ್ಗು ಹಿಗ್ಗಿ ಕೊನೆಗೆ ಇಡೀ ಕಣವೇ ಹೊರಗಾಯಿತು. ಅದಕ್ಕೂ ಮೊದಲು 1824ರಲ್ಲಿ ದ್ಯುತ್ರೋಶೆಯವರೂ 1846ರಲ್ಲಿ ವಾಲರ್ ಅವರೂ ಇದನ್ನು ಕಂಡು ಬರೆದಿದ್ದರು. ಆದರೆ ಉರಿಯೂತದ ಮರ್ಮವೇ ಇದೆಂದು ಲೋಕವು ಒಪ್ಪಿದುದು ಕೋನ್‌ಹೈಮರ ಕಾಲದಿಂದ.

ಕಣಗಳು ದಡಕ್ಕೆ ಸರಿದು ನಿಲ್ಲುವ ಬಗೆಯನ್ನು ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ವಿಜ್ಞಾನಿಗಳು ಹಂತಹಂತವಾಗಿ ಬಿಡಿಸಿದರು. ತುಂಬಿದ ಹೊಳೆಯಲ್ಲಿ ತೇಲಿಹೋಗುವ ದೋಣಿಯವನನ್ನು ನೆನೆಯಿರಿ. ಇಳಿಯಬೇಕಾದರೆ ಅವನು ಮೊದಲು ದಡದ ಜೊಂಡನ್ನು ಹಿಡಿಯುತ್ತಾನೆ. ಜೊಂಡು ಕೈಯಿಂದ ಜಾರುತ್ತದೆ, ಮತ್ತೊಂದನ್ನು ಹಿಡಿಯುತ್ತಾನೆ; ದೋಣಿಯು ನಿಲ್ಲದಿದ್ದರೂ ಅದರ ಓಟವು ತಗ್ಗುತ್ತದೆ. ರಕ್ತನಾಳದ ಒಳಮೈಯಲ್ಲಿ ಸೆಲೆಕ್ಟಿನ್‌ಗಳೆಂಬ ಪದಾರ್ಥಗಳು ಈ ಜೊಂಡಿನ ಕೆಲಸವನ್ನು ಮಾಡುತ್ತವೆ. ಅವುಗಳಿಗೆ ತಗುಲಿದ ಕಣವು ಉರುಳುತ್ತ ನಿಧಾನವಾಗಿ ಸಾಗುತ್ತದೆ. ಆಗ ಗೋಡೆಯ ಮೇಲೆ ಹರಡಿರುವ ಕರೆಯ ದ್ರವ್ಯವು ಅದಕ್ಕೆ ಮುಟ್ಟುತ್ತದೆ. ಮುಟ್ಟಿದೊಡನೆ ಕಣವು ತನ್ನ ಮೈಮೇಲಿನ ಇಂಟೆಗ್ರಿನ್ ಎಂಬ ಕೊಕ್ಕೆಗಳನ್ನು ಬಿಗಿಮಾಡಿ, ದೋಣಿಯವನು ಗೂಟಕ್ಕೆ ಹಗ್ಗವನ್ನು ಕಟ್ಟಿದಂತೆ, ಅಲ್ಲಿಯೇ ನೆಲೆನಿಲ್ಲುತ್ತದೆ. ಅನಂತರ ಚಪ್ಪಟೆಯಾಗಿ, ಗೋಡೆಯ ಎರಡು ಕೋಶಗಳ ನಡುವಿನ ಸಂದಿನಲ್ಲಿ ನುಸುಳಿ, ಕರೆಯು ಯಾವ ಕಡೆಗೆ ದಟ್ಟವಾಗಿದೆಯೋ ಆ ಕಡೆಗೆ ತೆವಳುತ್ತ ಹೋಗುತ್ತದೆ.

ಇನ್ನು ಬರುವವರು ಯಾರು ಎಂಬುದನ್ನು ತಿಳಿಯಬೇಕು. ರಕ್ತಪರೀಕ್ಷೆಯ ಚೀಟಿಯಲ್ಲಿ “ಇಯೊಸಿನೋಫಿಲ್” ಎಂಬ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಓದಿರಬಹುದು. ಇಯೊಸಿನ್ ಎಂಬುದು ಒಂದು ಕೆಂಪು ಬಣ್ಣ. ಆ ಬಣ್ಣವನ್ನು ಬಹು ಪ್ರೀತಿಯಿಂದ ಹೀರಿಕೊಳ್ಳುವ ಹರಳುಗಳುಳ್ಳ ಬಿಳಿಯ ಕಣಗಳನ್ನು 1879ರಲ್ಲಿ ಪೌಲ್ ಎರ್ಲಿಖ್ ಗುರುತಿಸಿ ಈ ಹೆಸರನ್ನಿಟ್ಟರು. ಆರೋಗ್ಯವಂತರ ರಕ್ತದಲ್ಲಿ ನೂರು ಬಿಳಿಯ ಕಣಗಳಿದ್ದರೆ ಇವು ಒಂದರಿಂದ ನಾಲ್ಕರಷ್ಟು ಮಾತ್ರ. ಆದರೆ ಅಲರ್ಜಿಯ ಉಬ್ಬಸವುಳ್ಳವರ ಶ್ವಾಸನಾಳದಲ್ಲಿ ಇವುಗಳ ಗುಂಪೇ ಎದ್ದು ಕಾಣುವುದುಂಟು.

ಇಷ್ಟು ವಿರಳವಾದ ಕಣಗಳೇ ಆರಿಸಿ ಕರೆದಂತೆ ಅಲ್ಲಿಗೆ ಬರುವುದಕ್ಕೆ ಕಾರಣಗಳಿವೆ. ಟಿ ಕೋಶಗಳು ಸೂಸುವ ಕೆಲವು ದ್ರವ್ಯಗಳ ಪ್ರಭಾವದಿಂದ ರಕ್ತನಾಳದ ಗೋಡೆಯ ಮೇಲೆ ವಿಕ್ಯಾಮ್ ಎಂಬ ಒಂದು ಬಗೆಯ ಗೂಟವು ಏಳುತ್ತದೆ. ಅದಕ್ಕೆ ಹೊಂದುವ ಕೊಕ್ಕೆಯು ಇಯೊಸಿನೋಫಿಲ್‌ಗಳಿಗೆ ಉಂಟು. ಕೀವಿನಲ್ಲಿ ಹೇರಳವಾಗಿ ಕಾಣುವ ನ್ಯೂಟ್ರೊಫಿಲ್ ಎಂಬ ಬಿಳಿಯ ಕಣಗಳಿಗೆ ಅದು ಸಾಮಾನ್ಯವಾಗಿ ಇಲ್ಲ. ಎರಡನೆಯದಾಗಿ, ಮುಖ್ಯವಾಗಿ ಇವುಗಳನ್ನೇ ಹೆಸರಿಟ್ಟು ಕೂಗುವಂತಹ ದ್ರವ್ಯವೊಂದನ್ನು 1994ರಲ್ಲಿ ಲಂಡನ್ನಿನ ಸಂಶೋಧಕರು ಗಿನಿಯಿಲಿಗಳ ಶ್ವಾಸಕೋಶದಲ್ಲಿ ಕಂಡುಹಿಡಿದು ಇಯೊಟ್ಯಾಕ್ಸಿನ್ ಎಂದು ಹೆಸರಿಟ್ಟರು. ಮೂರನೆಯದು ಇಂಟರ್‌ಲ್ಯೂಕಿನ್-5 ಎಂಬ ದ್ರವ್ಯ. ಅದು ಮೂಳೆಯೊಳಗಿನ ಮಜ್ಜೆಯವರೆಗೂ ಸುದ್ದಿ ಮುಟ್ಟಿಸಿ, “ಇನ್ನಷ್ಟು ಕಣಗಳನ್ನು ಕಳುಹಿಸು” ಎನ್ನುತ್ತದೆ. ಬಂದ ಕಣಗಳು ಬೇಗ ಸಾಯದಂತೆಯೂ ಕಾಪಾಡುತ್ತದೆ. ಎದೆಯಲ್ಲಿ ಎದ್ದ ಕೂಗಿಗೆ ಸೊಂಟದ ಮೂಳೆಯಲ್ಲಿ ದಂಡು ಸಿದ್ಧವಾಗುತ್ತದೆಯೆಂದರೆ ಈ ಬೇನೆಯು ಕೇವಲ ಗಂಟಲು ಎದೆಗಳದಲ್ಲವೆಂಬುದು ತಿಳಿಯುವುದು.

ಈ ಕಣಗಳು ಸ್ವಭಾವತಃ ದುಷ್ಟವಲ್ಲ. ಹೊಟ್ಟೆಹುಳು ಮೊದಲಾದ ದೊಡ್ಡ ಹಗೆಗಳನ್ನು ಎದುರಿಸುವುದರಲ್ಲಿ ಅವುಗಳಿಗೆ ಪಾತ್ರವುಂಟು. ಅವುಗಳ ಹರಳುಗಳಲ್ಲಿರುವ ಪ್ರೋಟೀನುಗಳು ಹುಳುವಿನ ತೊಗಲನ್ನೇ ಕೊರೆಯಬಲ್ಲವು. ಹುಳುವಿಲ್ಲದೆಡೆಯಲ್ಲಿ ಆ ವಿಷವು ಸುರಿದರೆ ನಮ್ಮ ಶ್ವಾಸನಾಳದ ನಯವಾದ ಒಳಪದರವೇ ಸುಲಿಯುತ್ತದೆ. ಗೋಡೆ ಊದಿಕೊಳ್ಳುತ್ತದೆ, ಅಂಟಾದ ಕಫವು ತುಂಬುತ್ತದೆ. ಸುಲಿದ ನಾಳವು ಹೊಗೆ, ತಂಗಾಳಿ, ನಗೆ ಇಂಥ ಅಲ್ಪ ಕಾರಣಗಳಿಗೂ ಬಿಗಿಯುವಂತಾಗುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಗೋಡೆಯು ದಪ್ಪಗಾಗಿ ಗಡುಸಾಗುವುದೂ ಉಂಟು. ಕೂಗು ದಿನವೂ ಏಳುತ್ತಿದ್ದರೆ, ಬಂದ ಜನರು ಹಿಂದಿರುಗದೆ ಜಗುಲಿಯಲ್ಲಿಯೇ ಬೀಡುಬಿಡುತ್ತಾರಲ್ಲವೆ? ಹುಡುಗನು ಆಡುತ್ತ ನಗುತ್ತ ಇರುವ ದಿನಗಳಲ್ಲಿಯೂ ಅವನ ಶ್ವಾಸನಾಳದಲ್ಲಿ ಈ ಬೀಡು ಇರಬಹುದು. ರೋಗವು ಎಲ್ಲಿ ಅಡಗಿತ್ತು ಎಂಬ ತಾಯಿಯ ಪ್ರಶ್ನೆಗೆ ಇದೇ ಉತ್ತರ.

ಈಗ ಎರಡು ಪಂಪುಗಳ ಭೇದವು ಸ್ಪಷ್ಟವಾಗುವುದು. ಸಾಲ್ಬುಟಮಾಲಿನಂತಹ ಔಷಧವು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಮುಚ್ಚಿದ ಬಾಗಿಲನ್ನು ತೆರೆಯುತ್ತದೆ. ನೆರೆಯುವ ಕಣಗಳನ್ನು ಅದು ತಡೆಯಲಾರದು. ದಿನವೂ ಸೇದುವ ಸ್ಟಿರಾಯ್ಡ್ ಔಷಧವಾದರೋ ಕೂಗನ್ನೇ ಅಡಗಿಸುತ್ತದೆ. ಕೋಶಗಳ ಒಳಗೆ ಹೋಗಿ, ಕರೆಯ ದ್ರವ್ಯಗಳ ತಯಾರಿಕೆಯನ್ನು ತಗ್ಗಿಸುತ್ತದೆ. ಬಂದು ಕುಳಿತ ಇಯೊಸಿನೋಫಿಲ್‌ಗಳು ಬೇಗ ಅಳಿಯುವಂತೆ ಮಾಡುತ್ತದೆ. ಅದನ್ನು ಸೇದಿದೊಡನೆ ಹಾಯೆನಿಸುವುದಿಲ್ಲ. ಫಲವು ಕಾಣಲು ದಿನಗಳೂ, ಪೂರ್ಣವಾಗಿ ಕಾಣಲು ವಾರಗಳೂ ಬೇಕು. ಅದನ್ನು ಬಿಟ್ಟರೂ ಕೂಡಲೇ ತೊಂದರೆಯಾಗದು. ಇದರಿಂದಲೇ ಜನರು ಮೋಸಹೋಗುತ್ತಾರೆ. ಹಾಯೆನಿಸುವ ಔಷಧವನ್ನು ನಂಬುತ್ತಾರೆ, ಕಾಪಾಡುವ ಔಷಧವನ್ನು ಮೂಲೆಗಿಡುತ್ತಾರೆ.

ಈ ಮೋಸದ ಬೆಲೆಯು ಕಡಿಮೆಯದಲ್ಲ. ಬ್ರಿಟನ್ನಿನಲ್ಲಿ ಉಬ್ಬಸದಿಂದಾದ 195 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದ ವರದಿಯೊಂದು 2014ರಲ್ಲಿ ಪ್ರಕಟವಾಯಿತು. ಸಡಿಲಿಸುವ ಪಂಪಿನ ಲೆಕ್ಕವು ದೊರೆತ 165 ಮಂದಿಯಲ್ಲಿ 65 ಮಂದಿಗೆ ಸಾವಿನ ಹಿಂದಿನ ಒಂದು ವರ್ಷದಲ್ಲಿ 12ಕ್ಕಿಂತ ಹೆಚ್ಚು ಪಂಪುಗಳನ್ನು ಬರೆದುಕೊಡಲಾಗಿತ್ತು. ಬಾಗಿಲನ್ನು ಮತ್ತೆ ಮತ್ತೆ ತೆರೆಯುತ್ತಿದ್ದರು. ಒಳಗಿನ ಗದ್ದಲವು ಬೆಳೆಯುತ್ತಲೇ ಇತ್ತು. ಉಬ್ಬಸದ ಚಿಕಿತ್ಸೆಗೆ ಮಾರ್ಗವನ್ನು ಸೂಚಿಸುವ ಜೀನಾ ಎಂಬ ಅಂತಾರಾಷ್ಟ್ರೀಯ ಸಮಿತಿಯು 2019ರಲ್ಲಿ, ವಯಸ್ಕರಿಗೂ ಹದಿಹರೆಯದವರಿಗೂ ಸಡಿಲಿಸುವ ಪಂಪೊಂದನ್ನೇ ಕೊಡುವುದು ಸಲ್ಲದೆಂದು ಹೇಳಿತು. ಸೇದುವ ಸ್ಟಿರಾಯ್ಡ್ ಯಾವುದಾದರೊಂದು ರೂಪದಲ್ಲಿ ಜೊತೆಗಿರಬೇಕೆಂಬುದು ಅದರ ಮತ.

“ಸ್ಟಿರಾಯ್ಡ್” ಎಂಬ ಹೆಸರನ್ನು ಕೇಳಿ ಹಿರಿಯರು ಬೆದರುವುದು ಸಹಜ. ದೀರ್ಘಕಾಲ ನುಂಗುವ ಮಾತ್ರೆಗಳಿಂದ ಕೆಡುಕಾಗುವುದನ್ನು ಅವರು ಕಂಡಿರಬಹುದು. ಆದರೆ ಮಾತ್ರೆಯ ಪ್ರಮಾಣವನ್ನು ಮಿಲಿಗ್ರಾಮುಗಳಲ್ಲಿ ಎಣಿಸಿದರೆ, ಸೇದುವ ಔಷಧವನ್ನು ಅದರ ಸಾವಿರದಲ್ಲೊಂದು ಪಾಲಾದ ಮೈಕ್ರೋಗ್ರಾಮುಗಳಲ್ಲಿ ಎಣಿಸುತ್ತಾರೆ. ಅದೂ ನೇರವಾಗಿ ಬೇಕಾದೆಡೆಗೇ ಹೋಗುತ್ತದೆ. 1972ರಲ್ಲಿ ಬ್ರಿಟನ್ನಿನಲ್ಲಿ ಇಂತಹ ಪಂಪು ಬಳಕೆಗೆ ಬಂದಂದಿನಿಂದ ಅರ್ಧ ಶತಮಾನದ ಅನುಭವವು ಇದರ ಹಿಂದಿದೆ. ದೋಷವೇ ಇಲ್ಲವೆಂದು ನಾವು ಹೇಳೆವು. ಬಾಯಲ್ಲಿ ಬಿಳಿಯ ಅಗ್ರು ಬರಬಹುದು. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಅದು ಬಹುಮಟ್ಟಿಗೆ ತಪ್ಪುವುದು. ಬಹುಕಾಲ ಬಳಸಿದ ಮಕ್ಕಳ ಎತ್ತರವು ಸುಮಾರು ಒಂದು ಸೆಂಟಿಮೀಟರಿನಷ್ಟು ಕಡಿಮೆಯಾದುದೂ ಕಂಡುಬಂದಿದೆ. ಆದುದರಿಂದಲೇ ವೈದ್ಯರು ಸಾಕಾಗುವ ಅತಿ ಕಡಿಮೆ ಪ್ರಮಾಣವನ್ನು ಹುಡುಕುತ್ತಾರೆ. ಪ್ರಮಾಣವನ್ನು ಇಳಿಸುವ ಕೆಲಸವು ಅವರದು. ಮನೆಯವರೇ ತೀರ್ಮಾನಿಸಿ ನಿಲ್ಲಿಸುವುದು ತರವಲ್ಲ.

ಎಲ್ಲ ಉಬ್ಬಸವೂ ಒಂದೇ ಬಗೆಯದಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಇಂಟರ್‌ಲ್ಯೂಕಿನ್-5ನ್ನು ತಡೆಯುವ ಮೆಪೋಲಿಜುಮ್ಯಾಬ್ ಎಂಬ ಚುಚ್ಚುಮದ್ದನ್ನು ಮೊದಲು ಪರೀಕ್ಷಿಸಿದಾಗ, ಇಯೊಸಿನೋಫಿಲ್‌ಗಳು ತಗ್ಗಿದರೂ ಆ ಎರಡನೆಯ ಅಲೆಯು ತಗ್ಗಲಿಲ್ಲ. ಬರುವ ದಂಡಿನಲ್ಲಿ ಅವುಗಳೊಡನೆ ಬೇರೆಯವರೂ ಇರುವುದೇ ಇದಕ್ಕೆ ಕಾರಣವಾಗಿರಬಹುದು. ಅನಂತರ ಸ್ಟಿರಾಯ್ಡಿಗೂ ಬಗ್ಗದೆ ಇಯೊಸಿನೋಫಿಲ್‌ಗಳು ಹೆಚ್ಚಾಗಿಯೇ ಉಳಿದವರನ್ನು ಆರಿಸಿ ಕೊಟ್ಟಾಗ, ಅವರಲ್ಲಿ ಉಬ್ಬಸವು ಉಲ್ಬಣಿಸುವ ಸಂದರ್ಭಗಳು ಕಡಿಮೆಯಾದುವೆಂದು 2009ರಲ್ಲಿ ತಿಳಿಯಿತು. 2015ರಲ್ಲಿ ಅಮೆರಿಕದ ಸರ್ಕಾರವು ಅದಕ್ಕೆ ಅನುಮತಿಯಿತ್ತಿತು. ಇದು ತೀವ್ರ ಉಬ್ಬಸವುಳ್ಳ ಕೆಲವರಿಗೆ ಮಾತ್ರ ಬೇಕಾಗುವ, ಬೆಲೆಯೂ ಹೆಚ್ಚಾದ ಔಷಧ.

ರಕ್ತದ ಚೀಟಿಯಲ್ಲಿ ಇಯೊಸಿನೋಫಿಲ್ ಹೆಚ್ಚಿದೆಯೆಂದ ಮಾತ್ರಕ್ಕೆ ಅಲರ್ಜಿಯೆಂದು ಮನೆಯಲ್ಲಿಯೇ ನಿಶ್ಚಯಿಸಬಾರದು. ನಮ್ಮ ನಾಡಿಗೆ ಸಮೀಪದ ಮದನಪಲ್ಲಿಯ ಕ್ಷಯರೋಗ ಆರೋಗ್ಯಧಾಮದ ಫ್ರಿಮೊಟ್-ಮೊಲ್ಲರ್ ಮತ್ತು ಬಾರ್ಟನ್ ಎಂಬ ವೈದ್ಯರು 1940ರಲ್ಲಿ ಕ್ಷಯವನ್ನು ಹೋಲುವ, ಈ ಕಣಗಳು ವಿಪರೀತ ಹೆಚ್ಚುವ ಬೇನೆಯೊಂದನ್ನು ವರ್ಣಿಸಿದರು. ರಾತ್ರಿಯ ಕೆಮ್ಮು, ಉಬ್ಬಸ ಅದರಲ್ಲಿಯೂ ಉಂಟು. ಆನೆಕಾಲು ರೋಗವನ್ನು ತರುವ ಫೈಲೇರಿಯಾ ಹುಳುವೇ ಅದಕ್ಕೆ ಕಾರಣವೆಂದು ಅನಂತರ ತಿಳಿಯಿತು. ಅದರ ಔಷಧವೇ ಬೇರೆ. ಹೊಟ್ಟೆಹುಳುವಿನಿಂದಲೂ ಈ ಎಣಿಕೆಯು ಏರುವುದುಂಟು.

ಮನೆಯವರು ಮಾಡತಕ್ಕ ಕೆಲಸಗಳು ಕೆಲವು ಇವೆ. ಉಬ್ಬಸವುಳ್ಳವರ ಹಾಸು ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುವುದು, ಧೂಳನ್ನು ಒಣಬಟ್ಟೆಯಿಂದ ಕೊಡವದೆ ಒದ್ದೆಬಟ್ಟೆಯಿಂದ ಒರೆಸುವುದು, ಅಟ್ಟದ ಕೆಲಸವನ್ನು ಮನೆಯ ಬೇರೆಯವರು ಮಾಡುವುದು ಒಳ್ಳೆಯದು. ಆದರೆ ಇವು ಔಷಧಕ್ಕೆ ಬದಲಿಯಲ್ಲ. ಧೂಳಿನಲ್ಲಿ ಸಿಕ್ಕಿ ಉಬ್ಬಸ ಬಂದ ದಿನ, ಹಗಲು ಹಾಯಾಯಿತೆಂದು ಮೈಮರೆಯದೆ ಆ ರಾತ್ರಿ ಎಚ್ಚರದಿಂದಿರಬೇಕು. ಒಂದು ಮಾತನ್ನು ಪೂರ್ತಿ ಆಡಲಾಗದಂತೆ ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ಪಂಪಿನ ಫಲವು ನಿಲ್ಲದಿದ್ದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಪತ್ರ ಬರೆದ ತಾಯಿಯವರಲ್ಲಿ ನಮ್ಮದೊಂದು ವಿನಂತಿ. ತಾವು ತಪ್ಪು ಮಾಡಿದಿರೆಂದು ಕೊರಗಬೇಡಿರಿ. ಕಣ್ಣಿಗೆ ಕಾಣದ ದಂಡನ್ನು ಕಾಣಲಿಲ್ಲವೆಂದು ಯಾರನ್ನು ದೂರುವುದು? ಮನೆಯ ಹಿರಿಯರಿಗೂ ಈ ಬರಹವನ್ನು ಓದಿ ಹೇಳಿರಿ. ಬಳಿಕ ಮಗನನ್ನು ಕರೆದುಕೊಂಡು ಆ ವೈದ್ಯರಲ್ಲಿಗೇ ಹೋಗಿ, ನಿಲ್ಲಿಸಿದ ಪಂಪಿನ ಸಂಗತಿಯನ್ನು ಮರೆಮಾಚದೆ ತಿಳಿಸಿರಿ. ಬರುವ ಹಬ್ಬದ ಬೆಳಗನ್ನು ಆ ಬಾಲಕನು ತನ್ನ ಮನೆಯ ಅಂಗಳದಲ್ಲಿಯೇ ಕಾಣಲೆಂದು ನಮ್ಮ ಹಾರೈಕೆ.